ಆನ್‌ಲೈನ್ ಅರ್ಜಿ ಭರ್ತಿಯು ಅರ್ಧದಲ್ಲಿ ಕಡಿತಗೊಳ್ಳುವುದೇಕೆ? – ಸರ್ವರ್ ಸಮೂಹ, ಸೆಷನ್ ಪ್ರತಿ ಹಾಗೂ ಅರ್ಜಿದಾರರು ಅನುಸರಿಸಬೇಕಾದ ಕ್ರಮ

1. ಪೀಠಿಕೆ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಸಾರ್ವಜನಿಕರು ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಾಸಸ್ಥಳ ದೃಢೀಕರಣ, ಸಾಮಾಜಿಕ ಭದ್ರತಾ ಪಿಂಚಣಿ, ಪಹಣಿ ಮೊದಲಾದ ಸೇವೆಗಳಿಗಾಗಿ ನಾಡಕಚೇರಿ, ಗ್ರಾಮ ಒನ್ ಕೇಂದ್ರಗಳ ಮೂಲಕ ಅಥವಾ ತಮ್ಮ ಮೊಬೈಲ್ ಫೋನ್‌ಗಳಿಂದಲೇ ಅರ್ಜಿ ಸಲ್ಲಿಸುತ್ತಿದ್ದಾರೆ. ಅರ್ಜಿಯನ್ನು ಭರ್ತಿ ಮಾಡುತ್ತಿರುವಾಗಲೇ ಪುಟವು ಮೊದಲಿಗೆ ಹಿಂದಿರುಗುವುದು, 'ನಿಮ್ಮ ಸೆಷನ್ ಮುಕ್ತಾಯಗೊಂಡಿದೆ' ಎಂಬ ಸಂದೇಶ ಬರುವುದು, ಶುಲ್ಕ ಕಡಿತವಾದರೂ ಸ್ವೀಕೃತಿ ದೊರೆಯದಿರುವುದು ಇವೇ ಮುಂತಾದ ತೊಂದರೆಗಳು ಅರ್ಜಿದಾರರ ಅನುಭವಕ್ಕೆ ಬರುತ್ತವೆ. ಇವೆಲ್ಲವನ್ನೂ ಸಾಮಾನ್ಯವಾಗಿ 'ಸರ್ವರ್ ಡೌನ್' ಎಂಬ ಒಂದೇ ಮಾತಿನಿಂದ ಕರೆಯುವುದು ರೂಢಿಯಾಗಿದೆ.

ವಾಸ್ತವವಾಗಿ ಇವು ಬೇರೆ ಬೇರೆ ಕಾರಣಗಳಿಂದ ಉಂಟಾಗುವ ಬೇರೆ ಬೇರೆ ತೊಂದರೆಗಳಾಗಿದ್ದು, ಪ್ರತಿಯೊಂದರ ಪರಿಹಾರವೂ ಭಿನ್ನವಾಗಿರುತ್ತದೆ. ಕೆಲವು ಸಂದರ್ಭಗಳಲ್ಲಿ ಅರ್ಜಿದಾರರು ಕೇವಲ ಐದು ನಿಮಿಷ ಕಾದರೆ ಸಾಕು. ಕೆಲವು ಸಂದರ್ಭಗಳಲ್ಲಿ ಅರ್ಜಿಯನ್ನು ಮೊದಲಿನಿಂದ ಭರ್ತಿ ಮಾಡುವುದು ಅನಿವಾರ್ಯ. ಇನ್ನು ಕೆಲವು ಸಂದರ್ಭಗಳಲ್ಲಿ ಮತ್ತೊಮ್ಮೆ ಅರ್ಜಿ ಸಲ್ಲಿಸುವುದೇ ತಪ್ಪಾಗುತ್ತದೆ. ಈ ವ್ಯತ್ಯಾಸವನ್ನು ಅರ್ಜಿದಾರರು ಸ್ವತಃ ಗುರುತಿಸಲು ಅನುವಾಗುವಂತೆ, ಜಾಲತಾಣಗಳ ಹಿಂದೆ ನಡೆಯುವ ಕಾರ್ಯವನ್ನು ಸರಳವಾಗಿ ವಿವರಿಸುವುದು ಈ ಲೇಖನದ ಉದ್ದೇಶವಾಗಿರುತ್ತದೆ.

2. ತಾಲ್ಲೂಕು ಕಚೇರಿಯ ಗಣಕಯಂತ್ರದಿಂದ ರಾಜ್ಯ ದತ್ತಾಂಶ ಕೇಂದ್ರದವರೆಗೆ

ರಾಜ್ಯದಲ್ಲಿ ಭೂದಾಖಲೆಗಳ ಗಣಕೀಕರಣಕ್ಕಾಗಿ ಜಾರಿಗೊಳಿಸಲಾದ 'ಭೂಮಿ' ಯೋಜನೆಯಡಿ ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಅಳವಡಿಸಲಾಯಿತು. ಆರಂಭದ ವರ್ಷಗಳಲ್ಲಿ ಆಯಾ ತಾಲ್ಲೂಕಿನ ದತ್ತಾಂಶವು ಆಯಾ ತಾಲ್ಲೂಕು ಕಚೇರಿಯ ಸರ್ವರ್‌ನಲ್ಲಿಯೇ ಇರುತ್ತಿತ್ತು. ಅರ್ಜಿದಾರರು ಹುಣಸೂರಿನ ಕಿಯಾಸ್ಕ್‌ಗೆ ಹೋದರೆ ಹುಣಸೂರಿನ ಸರ್ವರ್ ಉತ್ತರಿಸುತ್ತಿತ್ತು. ಅದು ಕೆಟ್ಟರೆ ಹುಣಸೂರಿನ ಕೆಲಸ ನಿಲ್ಲುತ್ತಿತ್ತೇ ಹೊರತು ಪಿರಿಯಾಪಟ್ಟಣದ ಕೆಲಸಕ್ಕೆ ಅಡ್ಡಿಯಾಗುತ್ತಿರಲಿಲ್ಲ.

ನಂತರದ ವರ್ಷಗಳಲ್ಲಿ ದತ್ತಾಂಶವನ್ನು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಒಂದೆಡೆ ಸೇರಿಸಿ, ಯಾವುದೇ ಊರಿನಿಂದ ಸೇವೆ ಪಡೆಯಲು ಅವಕಾಶ ಕಲ್ಪಿಸಲಾಯಿತು. ಇದರಿಂದ ಅನುಕೂಲವು ಹೆಚ್ಚಿದಂತೆಯೇ ಒಂದೇ ಸ್ಥಳದ ಮೇಲೆ ಬೀಳುವ ಹೊರೆಯೂ ಹೆಚ್ಚಿತು. ಉದಾಹರಣೆಗೆ, 2023ರ ಜೂನ್ 18ರಂದು ಗೃಹಜ್ಯೋತಿ ಯೋಜನೆಯ ನೋಂದಣಿಯು ಸೇವಾ ಸಿಂಧು ಜಾಲತಾಣದಲ್ಲಿ ಆರಂಭವಾದಾಗ ರಾಜ್ಯದ ಎಲ್ಲಾ ಜಿಲ್ಲೆಗಳ ಗ್ರಾಹಕರು ಏಕಕಾಲದಲ್ಲಿ ಜಾಲತಾಣವನ್ನು ಸಂಪರ್ಕಿಸಿದ್ದು, ಆ ದಿನಗಳಲ್ಲಿ ಸರ್ವರ್ ನಿಧಾನವಾದ ಬಗ್ಗೆ ಪತ್ರಿಕೆಗಳಲ್ಲಿ ವರದಿಗಳು ಪ್ರಕಟವಾಗಿದ್ದವು.

ಇಷ್ಟು ದೊಡ್ಡ ಹೊರೆಯನ್ನು ಒಂದು ಗಣಕಯಂತ್ರವು ಹೊರಲಾರದು. ಆದುದರಿಂದ ಒಂದೇ ತಂತ್ರಾಂಶವನ್ನು ಹಲವು ಸರ್ವರ್‌ಗಳಲ್ಲಿ ಅಳವಡಿಸಿ, ಅವು ಹೊರಗಿನವರಿಗೆ ಒಂದೇ ಜಾಲತಾಣವಾಗಿ ಕಾಣುವಂತೆ ವ್ಯವಸ್ಥೆ ಮಾಡಲಾಗುತ್ತದೆ. ಇದನ್ನೇ ಸರ್ವರ್ ಸಮೂಹ ಅಥವಾ ಕ್ಲಸ್ಟರ್ ಎನ್ನಲಾಗುತ್ತದೆ. ಮೇಲ್ಕಂಡ ತೊಂದರೆಗಳಲ್ಲಿ ಹಲವು ಈ ಸಮೂಹದ ಒಳಗೆ ಹುಟ್ಟುತ್ತವೆ.

3. ಸೆಷನ್ ಎಂದರೇನು?

ಜಾಲತಾಣಗಳು ಬಳಸುವ ಎಚ್‌ಟಿಟಿಪಿ ಎಂಬ ನಿಯಮಾವಳಿಯ ಒಂದು ಗುಣವನ್ನು ಇಲ್ಲಿ ಮೊದಲು ತಿಳಿಯುವುದು ಅಗತ್ಯ. ಈ ನಿಯಮಾವಳಿಯಲ್ಲಿ ಪ್ರತಿಯೊಂದು ಕೋರಿಕೆಯೂ ಸ್ವತಂತ್ರವಾದುದು. ಅರ್ಜಿಯ ಮೊದಲ ಪುಟವನ್ನು ತುಂಬಿದವರೇ ಎರಡನೆಯ ಪುಟವನ್ನು ತೆರೆದಿದ್ದಾರೆ ಎಂಬುದು ಸರ್ವರ್‌ಗೆ ತಾನಾಗಿ ತಿಳಿಯುವುದಿಲ್ಲ. ಕಚೇರಿಯ ಕಿಟಕಿಯಲ್ಲಿ ಕುಳಿತ ಗುಮಾಸ್ತರು ಪ್ರತಿ ಮಾತಿಗೂ 'ತಾವು ಯಾರು?' ಎಂದು ಹೊಸದಾಗಿ ಕೇಳಿದಂತೆ ಇದು ಇರುತ್ತದೆ.

ಈ ಕೊರತೆಯನ್ನು ನೀಗಿಸಲು 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ 'ಕುಕಿ' ಎಂಬ ವಿಧಾನವನ್ನು ರೂಪಿಸಲಾಯಿತು. ಅರ್ಜಿದಾರರು ಲಾಗಿನ್ ಆದ ಕೂಡಲೇ ಸರ್ವರ್ ಅವರ ಬ್ರೌಸರ್‌ಗೆ ಒಂದು ಗುರುತಿನ ಸಂಖ್ಯೆಯನ್ನು ನೀಡುತ್ತದೆ. ಮುಂದಿನ ಪ್ರತಿಯೊಂದು ಕೋರಿಕೆಯೊಡನೆ ಬ್ರೌಸರ್ ಆ ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಆ ಸಂಖ್ಯೆಯ ಹೆಸರಿನಲ್ಲಿ ಸರ್ವರ್ ತನ್ನ ಸ್ಮರಣೆಯಲ್ಲಿ ಇರಿಸಿಕೊಳ್ಳುವ ತಾತ್ಕಾಲಿಕ ವಿವರಗಳೇ ಸೆಷನ್. ಲಾಗಿನ್ ಆದವರ ಹೆಸರು, ಆಯ್ಕೆ ಮಾಡಿದ ಸೇವೆ, ಈವರೆಗೆ ತುಂಬಿದ ವಿವರಗಳು ಇದರಲ್ಲಿ ಇರುತ್ತವೆ.

ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಸೆಷನ್ ಎಂಬುದು ಕಚ್ಚಾ ಚೀಟಿ; ದತ್ತಸಂಚಯ ಎಂಬುದು ಪಕ್ಕಾ ವಹಿ. ಅಂಗಡಿಯಲ್ಲಿ ವ್ಯಾಪಾರ ನಡೆಯುವಾಗ ಸಾಮಾನುಗಳನ್ನು ಮೊದಲು ಕಚ್ಚಾ ಚೀಟಿಯಲ್ಲಿ ಬರೆದುಕೊಂಡು, ಬಿಲ್ ಆದ ಬಳಿಕ ವಹಿಗೆ ಏರಿಸಲಾಗುತ್ತದೆ. ಬಿಲ್ ಆಗುವ ಮೊದಲು ಕಚ್ಚಾ ಚೀಟಿ ಕಳೆದರೆ ವಹಿಯಲ್ಲಿ ಏನೂ ಇರುವುದಿಲ್ಲ. ಅಂತೆಯೇ, ಅರ್ಜಿಯು ಸಲ್ಲಿಕೆಯಾಗಿ ಸ್ವೀಕೃತಿ ಸಂಖ್ಯೆಯು ಸೃಜನೆಯಾಗುವವರೆಗೆ ಅಥವಾ ಕರಡು ಪ್ರತಿಯಾಗಿ ಉಳಿಸಲ್ಪಡುವವರೆಗೆ, ಅರ್ಜಿದಾರರು ತುಂಬಿದ ವಿವರಗಳು ಈ ಕಚ್ಚಾ ಚೀಟಿಯಲ್ಲಿ ಮಾತ್ರ ಇರುತ್ತವೆ.

4. ಸೆಷನ್ ಪ್ರತಿಯ ಅಗತ್ಯ ಮತ್ತು ವಿಧಾನಗಳು

ಸರ್ವರ್ ಸಮೂಹದ ಮುಂದೆ ಹೊರೆ ಹಂಚುವ ಒಂದು ಸಾಧನವಿರುತ್ತದೆ. ಬಂದ ಕೋರಿಕೆಗಳನ್ನು ಅದು ಸಮೂಹದ ಸರ್ವರ್‌ಗಳಿಗೆ ಹಂಚುತ್ತದೆ. ಅರ್ಜಿಯ ಮೊದಲ ಪುಟವು ಒಂದನೆಯ ಸರ್ವರ್‌ಗೆ, ಎರಡನೆಯ ಪುಟವು ಮೂರನೆಯ ಸರ್ವರ್‌ಗೆ ಹೋದರೆ, ಕಚ್ಚಾ ಚೀಟಿ ಇರುವುದು ಒಂದು ಕಡೆ, ಕೇಳುವುದು ಇನ್ನೊಂದು ಕಡೆ ಎಂಬಂತಾಗುತ್ತದೆ. ಇದನ್ನು ತಪ್ಪಿಸಲು ಕೆಳಕಂಡ ವಿಧಾನಗಳನ್ನು ಅನುಸರಿಸಲಾಗುತ್ತದೆ.

ಅ) ಒಬ್ಬ ಅರ್ಜಿದಾರರ ಎಲ್ಲಾ ಕೋರಿಕೆಗಳನ್ನು ಅದೇ ಸರ್ವರ್‌ಗೆ ಕಳುಹಿಸುವುದು. ಇದಕ್ಕೆ ಅಂಟು ಸೆಷನ್ ಎನ್ನಬಹುದು. ಆದರೆ ಆ ಸರ್ವರ್ ನಿಂತರೆ ಅದರಲ್ಲಿದ್ದ ಎಲ್ಲಾ ಚೀಟಿಗಳೂ ನಷ್ಟವಾಗುತ್ತವೆ.

ಆ) ಪ್ರತಿಯೊಂದು ಸೆಷನ್‌ನ ಪ್ರತಿಯನ್ನು ಸಮೂಹದ ಎಲ್ಲಾ ಸರ್ವರ್‌ಗಳಿಗೂ ಕಳುಹಿಸುವುದು. ಕಾರ್ಬನ್ ಹಾಳೆಯಿಟ್ಟು ಏಕಕಾಲಕ್ಕೆ ಹಲವು ಪ್ರತಿ ತೆಗೆದಂತೆ ಇದು. ಚಿಕ್ಕ ಸಮೂಹಗಳಿಗೆ ಇದು ಸೂಕ್ತ. ಸರ್ವರ್‌ಗಳ ಸಂಖ್ಯೆ ಹೆಚ್ಚಿದಂತೆ ಪ್ರತಿ ಕಳುಹಿಸುವ ಕೆಲಸವೇ ಹೊರೆಯಾಗುತ್ತದೆ.

ಇ) ಪ್ರತಿಯನ್ನು ಕೇವಲ ಒಂದು ಮೀಸಲು ಸರ್ವರ್‌ಗೆ ಕಳುಹಿಸುವುದು. ಮೂಲ ಸರ್ವರ್ ನಿಂತರೆ ಮೀಸಲು ಸರ್ವರ್ ಕಾರ್ಯ ಮುಂದುವರಿಸುತ್ತದೆ.

ಈ) ಸೆಷನ್ ವಿವರಗಳನ್ನು ಪ್ರತ್ಯೇಕ ದತ್ತಸಂಚಯದಲ್ಲಿ ಅಥವಾ ಸಾಮಾನ್ಯ ಸ್ಮರಣಾ ಕೋಶದಲ್ಲಿ ಇರಿಸಿ, ಎಲ್ಲಾ ಸರ್ವರ್‌ಗಳೂ ಅಲ್ಲಿಂದಲೇ ಓದುವಂತೆ ಮಾಡುವುದು.

ಎರಡನೆಯ ಮತ್ತು ಮೂರನೆಯ ವಿಧಾನಗಳನ್ನು ಸೆಷನ್ ಪ್ರತೀಕರಣ ಎನ್ನಲಾಗುತ್ತದೆ. ಜಾವಾ ತಂತ್ರಾಂಶಗಳಿಗೆ ವ್ಯಾಪಕವಾಗಿ ಬಳಕೆಯಲ್ಲಿರುವ ಅಪಾಚೆ ಟಾಮ್‌ಕ್ಯಾಟ್ ಎಂಬ ಮುಕ್ತ ಸರ್ವರ್ ತಂತ್ರಾಂಶದಲ್ಲಿ ಈ ಎರಡೂ ಸೌಲಭ್ಯಗಳಿವೆ. ಸಾಮಾನ್ಯವಾಗಿ ಅಂಟು ಸೆಷನ್ ಮತ್ತು ಪ್ರತೀಕರಣ ಎರಡನ್ನೂ ಒಟ್ಟಿಗೆ ಬಳಸಲಾಗುತ್ತದೆ. ಈ ಕಾರಣದಿಂದಲೇ ಪ್ರತೀಕರಣವು ಕೆಟ್ಟಿದ್ದರೂ ಸಾಮಾನ್ಯ ದಿನಗಳಲ್ಲಿ ಅದು ಯಾರ ಗಮನಕ್ಕೂ ಬರುವುದಿಲ್ಲ. ಒಂದು ಸರ್ವರ್ ನಿಂತ ದಿನವೇ ತಿಳಿಯುತ್ತದೆ.

5. ಪ್ರತೀಕರಣವು ವಿಫಲವಾಗುವ ಕಾರಣಗಳು ಮತ್ತು ತಾಂತ್ರಿಕ ಪರಿಶೀಲನೆ

ದೂರು ಸ್ವೀಕರಿಸಿದ ತಾಂತ್ರಿಕ ಸಿಬ್ಬಂದಿಯು ಸಾಮಾನ್ಯವಾಗಿ ಈ ಕೆಳಗಿನ ಅಂಶಗಳನ್ನು ಕ್ರಮವಾಗಿ ಪರಿಶೀಲಿಸುತ್ತಾರೆ. ಟಾಮ್‌ಕ್ಯಾಟ್ ಸರ್ವರ್‌ನ ಉದಾಹರಣೆಯನ್ನು ಇಲ್ಲಿ ತೆಗೆದುಕೊಳ್ಳಲಾಗಿದೆ.

ಅ) ಸರ್ವರ್‌ಗಳು ಪರಸ್ಪರ ಗುರುತಿಸುತ್ತಿವೆಯೇ? ಸಮೂಹದ ಪ್ರತಿ ಸರ್ವರ್ 'ನಾನು ಕಾರ್ಯನಿರತ' ಎಂಬ ಸಂಕೇತವನ್ನು ಅರ್ಧ ಸೆಕೆಂಡಿಗೊಮ್ಮೆ ಜಾಲದಲ್ಲಿ ಬಿತ್ತರಿಸುತ್ತದೆ. ಇದಕ್ಕೆ ಪೂರ್ವನಿಗದಿತ ವಿಳಾಸ 228.0.0.4 ಮತ್ತು ಪೋರ್ಟ್ 45564. 3 ಸೆಕೆಂಡುಗಳ ಕಾಲ ಸಂಕೇತ ಬಾರದಿದ್ದರೆ ಉಳಿದ ಸರ್ವರ್‌ಗಳು ಅದನ್ನು ಸಮೂಹದಿಂದ ಕೈಬಿಡುತ್ತವೆ. ಜಾಲದ ಸ್ವಿಚ್ ಅಥವಾ ಫೈರ್‌ವಾಲ್ ಈ ಸಂಕೇತವನ್ನು ತಡೆದರೆ, ಪ್ರತಿ ಸರ್ವರ್ ತಾನೊಂದೇ ಇರುವುದಾಗಿ ಭಾವಿಸುತ್ತದೆ. ಪ್ರತಿ ಕಳುಹಿಸುವ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಸಂಕೇತ ಹೋಗುತ್ತಿದ್ದು, ಪ್ರತಿಯನ್ನು ಸ್ವೀಕರಿಸುವ 4000ರಿಂದ ಆರಂಭವಾಗುವ ಪೋರ್ಟ್ ಮುಚ್ಚಿದ್ದರೆ, ಸದಸ್ಯರ ಪಟ್ಟಿ ಸರಿಯಾಗಿದ್ದರೂ ಪ್ರತಿಗಳು ತಲುಪುವುದಿಲ್ಲ.

ಆ) ತಂತ್ರಾಂಶವು ಪ್ರತೀಕರಣಕ್ಕೆ ಅನುಮತಿ ನೀಡಿದೆಯೇ? ತಂತ್ರಾಂಶದ ಸಂರಚನಾ ಕಡತದಲ್ಲಿ 'ಡಿಸ್ಟ್ರಿಬ್ಯೂಟಬಲ್' ಎಂಬ ಒಂದು ಪದದ ಘೋಷಣೆ ಇರಬೇಕು. ಅದು ಇಲ್ಲದಿದ್ದಲ್ಲಿ ಉಳಿದೆಲ್ಲವೂ ಸರಿಯಿದ್ದರೂ ಆ ತಂತ್ರಾಂಶದ ಸೆಷನ್‌ಗಳು ಒಂದೇ ಸರ್ವರ್‌ನಲ್ಲಿ ಉಳಿಯುತ್ತವೆ.

ಇ) ಸೆಷನ್‌ನಲ್ಲಿರುವ ವಿವರಗಳು ಸಾಗಿಸಲು ಯೋಗ್ಯವಾಗಿವೆಯೇ? ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಕಳುಹಿಸಬೇಕಾದ ಪ್ರತಿಯೊಂದು ವಿವರವನ್ನೂ ಸಾಲಾಗಿ ಜೋಡಿಸಿ ಕಟ್ಟುವಂತಿರಬೇಕು. ಜಾವಾ ಭಾಷೆಯಲ್ಲಿ ಇದನ್ನು 'ಸೀರಿಯಲೈಸಬಲ್' ಎನ್ನಲಾಗುತ್ತದೆ. ಹಾಗೆ ಕಟ್ಟಲಾಗದ ಒಂದೇ ಒಂದು ವಿವರವು ಇದ್ದರೂ ಪ್ರತೀಕರಣದಲ್ಲಿ ದೋಷ ಉಂಟಾಗುತ್ತದೆ ಮತ್ತು ಅದು ಸರ್ವರ್‌ನ ಲಾಗ್ ಕಡತದಲ್ಲಿ ದಾಖಲಾಗುತ್ತದೆ.

ಈ) ಬದಲಾವಣೆಯನ್ನು ಸೆಷನ್‌ಗೆ ತಿಳಿಸಲಾಗಿದೆಯೇ? ಸರ್ವರ್ ಇಡೀ ಸೆಷನ್ನನ್ನು ಪ್ರತಿ ಬಾರಿಯೂ ಕಳುಹಿಸದೆ, ಬದಲಾದ ಭಾಗವನ್ನು ಮಾತ್ರ ಕಳುಹಿಸುತ್ತದೆ. ತಂತ್ರಾಂಶವು ಹಳೆಯ ಪಟ್ಟಿಗೆ ಹೊಸ ಹೆಸರನ್ನು ಸೇರಿಸಿ, ಆ ಪಟ್ಟಿಯನ್ನು ಮರಳಿ ಸೆಷನ್‌ಗೆ ಒಪ್ಪಿಸದಿದ್ದರೆ, ಬದಲಾವಣೆ ಆಗಿದೆ ಎಂಬುದು ಸರ್ವರ್‌ಗೆ ತಿಳಿಯುವುದೇ ಇಲ್ಲ. ಇನ್ನೊಂದು ಸರ್ವರ್‌ನಲ್ಲಿ ಹಳೆಯ ಪಟ್ಟಿಯೇ ಉಳಿಯುತ್ತದೆ. ಇದು ಅತ್ಯಂತ ಗಂಭೀರವಾದ ದೋಷ. ಇದರ ಬಗ್ಗೆ 6ನೇ ಕಂಡಿಕೆಯಲ್ಲಿ ಪ್ರತ್ಯೇಕವಾಗಿ ವಿವರಿಸಲಾಗಿದೆ.

ಉ) ಗಡಿಯಾರಗಳು ಹೊಂದಿಕೆಯಲ್ಲಿವೆಯೇ? ಎಲ್ಲಾ ಸರ್ವರ್‌ಗಳ ಸಮಯ ಒಂದೇ ಆಗಿರಬೇಕು. ಗಡಿಯಾರ ಮುಂದಿರುವ ಸರ್ವರ್, ಈಗಷ್ಟೇ ಬಂದ ಸೆಷನ್ನನ್ನು ಅವಧಿ ಮೀರಿದ್ದೆಂದು ಪರಿಗಣಿಸುವ ಸಂಭವವಿರುತ್ತದೆ.

ಊ) ಪ್ರತಿಯು ಯಾವ ಕ್ಷಣದಲ್ಲಿ ತಲುಪುತ್ತದೆ? ಪ್ರತಿಯು ತಲುಪಿತೆಂಬ ಖಾತರಿಗೆ ಕಾಯದೆಯೇ ಅರ್ಜಿದಾರರಿಗೆ ಮುಂದಿನ ಪುಟವನ್ನು ತೋರಿಸುವ ವಿಧಾನವು ವೇಗವಾದುದು. ಆದರೆ ಮುಂದಿನ ಕೋರಿಕೆಯು ತಕ್ಷಣವೇ ಬೇರೆ ಸರ್ವರ್‌ಗೆ ಹೋದಲ್ಲಿ ಅಲ್ಲಿ ಹಿಂದಿನ ಸ್ಥಿತಿಯೇ ಕಾಣಬಹುದು.

ಋ) ಹೊರೆ ಹೆಚ್ಚಾಗಿದೆಯೇ? ಅತಿ ಹೊರೆಯಿಂದ ಒಂದು ಸರ್ವರ್ ಕೆಲವು ಸೆಕೆಂಡುಗಳ ಕಾಲ ಸ್ತಬ್ಧವಾದರೆ, ಉಳಿದವು ಅದನ್ನು ಕೈಬಿಡುತ್ತವೆ. ಅದರ ಹೊರೆಯೂ ಉಳಿದವುಗಳ ಮೇಲೆ ಬಿದ್ದು, ಅವೂ ನಿಧಾನವಾಗುತ್ತವೆ. ಹೊರೆಯ ತೊಂದರೆಯು ಸೆಷನ್ ತೊಂದರೆಯಾಗಿ ಬದಲಾಗುವುದು ಹೀಗೆ.

ಪರೀಕ್ಷಿಸುವ ಸರಳ ವಿಧಾನ: ಸರ್ವರ್‌ನ ಹೆಸರು, ಸೆಷನ್ ಸಂಖ್ಯೆ ಮತ್ತು ಪ್ರತಿ ಬಾರಿ ಒಂದೊಂದು ಹೆಚ್ಚುವ ಎಣಿಕೆ ಇಷ್ಟನ್ನು ತೋರಿಸುವ ಒಂದು ಪುಟವನ್ನು ಸಿಬ್ಬಂದಿಯು ಸಿದ್ಧಪಡಿಸುತ್ತಾರೆ. ಎಣಿಕೆಯು 5 ತಲುಪಿದಾಗ ಆ ಸರ್ವರನ್ನು ನಿಲ್ಲಿಸಿ ಪುಟವನ್ನು ಮತ್ತೆ ತೆರೆಯುತ್ತಾರೆ. ಸರ್ವರ್‌ನ ಹೆಸರು ಬದಲಾಗಿ ಎಣಿಕೆ 6 ಎಂದು ಬಂದರೆ ಪ್ರತೀಕರಣವು ಸರಿಯಾಗಿದೆ ಎಂದರ್ಥ. ಎಣಿಕೆ 1 ಎಂದು ಬಂದರೆ ಪ್ರತಿಯು ತಲುಪಿಲ್ಲ. ಈ ಪರೀಕ್ಷೆಯನ್ನು ಹೊಸ ಸೇವೆಯ ಅರ್ಜಿ ಆರಂಭವಾಗುವ ಮೊದಲೇ ನಡೆಸುವುದು ಉತ್ತಮ ಪದ್ಧತಿಯಾಗಿರುತ್ತದೆ.

6. ಅರ್ಜಿದಾರರಿಗೆ ಕಾಣುವ ಲಕ್ಷಣಗಳು ಮತ್ತು ಅವುಗಳ ಅರ್ಥ

ಅ) ಪುಟವು ತೆರೆಯುವುದೇ ಇಲ್ಲ ಅಥವಾ ಬಹಳ ಹೊತ್ತು ಸುತ್ತುತ್ತದೆ: ಇದು ಸಂಪರ್ಕದ ಅಥವಾ ಹೊರೆಯ ತೊಂದರೆ. ಇದೇ ನಿಜವಾದ ಅರ್ಥದಲ್ಲಿ 'ಸರ್ವರ್ ಡೌನ್' ಆಗಿರಬಹುದು. ಮೊದಲು ಬೇರೊಂದು ಜಾಲತಾಣವನ್ನು ತೆರೆದು ನೋಡುವುದು. ಅದೂ ತೆರೆಯದಿದ್ದರೆ ತೊಂದರೆಯು ಸ್ಥಳೀಯ ಸಂಪರ್ಕದ್ದಾಗಿರುತ್ತದೆ.

ಆ) ಅರ್ಧ ಗಂಟೆ ಬಿಟ್ಟು ಬಂದ ನಂತರ 'ಸೆಷನ್ ಮುಕ್ತಾಯಗೊಂಡಿದೆ' ಎಂದು ಬರುತ್ತದೆ: ಇದು ದೋಷವಲ್ಲ, ಭದ್ರತಾ ಕ್ರಮ. ಟಾಮ್‌ಕ್ಯಾಟ್‌ನಲ್ಲಿ ಪೂರ್ವನಿಗದಿತ ಅವಧಿಯು 30 ನಿಮಿಷಗಳಾಗಿದ್ದು, ಜಾಲತಾಣವು ಇದಕ್ಕಿಂತ ಕಡಿಮೆ ಅವಧಿಯನ್ನೂ ನಿಗದಿಪಡಿಸಬಹುದು.

ಇ) ನಿರಂತರವಾಗಿ ಕೆಲಸ ಮಾಡುತ್ತಿದ್ದರೂ ಹಠಾತ್ತನೆ ಲಾಗಿನ್ ಪುಟ ಬರುತ್ತದೆ: ಕೋರಿಕೆಯು ಬೇರೆ ಸರ್ವರ್‌ಗೆ ಹೋಗಿದ್ದು, ಅಲ್ಲಿ ಸೆಷನ್‌ನ ಪ್ರತಿ ಇಲ್ಲದಿರುವ ಸಂಭವವು ಹೆಚ್ಚು. ಕೆಲವು ವ್ಯವಸ್ಥೆಗಳಲ್ಲಿ ಅಂತರಜಾಲ ವಿಳಾಸದ ಆಧಾರದ ಮೇಲೆ ಸರ್ವರನ್ನು ನಿಗದಿಪಡಿಸಲಾಗುತ್ತದೆ. ಅರ್ಜಿ ತುಂಬುತ್ತಿರುವಾಗ ಮೊಬೈಲ್ ಡೇಟಾದಿಂದ ವೈ-ಫೈಗೆ ಬದಲಾಯಿಸಿದರೆ ಈ ವಿಳಾಸ ಬದಲಾಗಿ, ಹೊರೆ ಹಂಚುವ ಸಾಧನವು ಹೊಸ ಸರ್ವರ್‌ಗೆ ಕಳುಹಿಸಬಹುದು. ಹೆಗ್ಗಡದೇವನಕೋಟೆ ತಾಲ್ಲೂಕಿನ ಡಿ.ಬಿ. ಕುಪ್ಪೆಯಂತಹ ಗಡಿ ಹಾಗೂ ಕಾಡಂಚಿನ ಗ್ರಾಮಗಳ ಅರ್ಜಿದಾರರು, ಸಿಗ್ನಲ್ ಅರಸಿ ಸ್ಥಳದಿಂದ ಸ್ಥಳಕ್ಕೆ ಸಾಗುತ್ತಾ ಅರ್ಜಿ ತುಂಬುವ ಬದಲು, ಸಂಪರ್ಕ ಸ್ಥಿರವಾಗಿರುವ ಒಂದೆಡೆ ಕುಳಿತು ಒಂದೇ ಸಂಪರ್ಕದಲ್ಲಿ ಮುಗಿಸುವುದು ಸೂಕ್ತ.

ಈ) ಅರ್ಜಿ ಮುಂದುವರಿಯುತ್ತದೆ, ಆದರೆ ತುಂಬಿದ ವಿವರ ಕಾಣುವುದಿಲ್ಲ ಅಥವಾ ಹಳೆಯ ವಿವರ ಕಾಣುತ್ತದೆ: ಇದು 5ನೇ ಕಂಡಿಕೆಯ (ಈ) ಭಾಗದಲ್ಲಿ ಹೇಳಲಾದ ದೋಷ. ಉದಾಹರಣೆಗೆ, ಅರ್ಜಿದಾರರು ಕುಟುಂಬದ ನಾಲ್ವರು ಸದಸ್ಯರನ್ನು ಒಬ್ಬೊಬ್ಬರಾಗಿ ಸೇರಿಸಿರುತ್ತಾರೆ. ಮೂವರ ಹೆಸರು ಇರುವ ಪ್ರತಿಯು ಮಾತ್ರ ಎರಡನೆಯ ಸರ್ವರ್‌ಗೆ ತಲುಪಿರುತ್ತದೆ. ಆ ಸರ್ವರ್‌ನಿಂದ ಅರ್ಜಿ ಸಲ್ಲಿಕೆಯಾದಲ್ಲಿ ನಾಲ್ಕನೆಯವರ ಹೆಸರು ಅರ್ಜಿಯಲ್ಲಿ ಇರುವುದಿಲ್ಲ. ಯಾವುದೇ ದೋಷ ಸಂದೇಶ ಬರುವುದಿಲ್ಲ; ಸ್ವೀಕೃತಿಯೂ ಕ್ರಮಬದ್ಧವಾಗಿ ದೊರೆಯುತ್ತದೆ. ಸರ್ವರ್ ನಿಂತರೆ ಅರ್ಜಿದಾರರಿಗೆ ಒಂದು ದಿನ ನಷ್ಟವಾಗಬಹುದು. ಆದರೆ ಈ ದೋಷದಿಂದ ತಪ್ಪು ಅರ್ಜಿಯು ಪಕ್ಕಾ ವಹಿಗೆ ಸೇರಿ, ಅರ್ಜಿದಾರರ ಹೇಳಿಕೆಯಾಗಿಯೇ ಪರಿಗಣಿಸಲ್ಪಡುತ್ತದೆ. ಆದುದರಿಂದ ಅಂತಿಮ ಸಲ್ಲಿಕೆಗೆ ಮುನ್ನ ಪೂರ್ವವೀಕ್ಷಣೆ ಪುಟವನ್ನು ಮೊದಲಿನಿಂದ ಕೊನೆಯವರೆಗೆ ಓದುವುದು ಅತ್ಯಗತ್ಯ. ಅರ್ಜಿದಾರರಿಗೆ ಓದಲು ಬಾರದಿದ್ದಲ್ಲಿ, ಕೇಂದ್ರದ ಸಿಬ್ಬಂದಿಯಿಂದ ಅದನ್ನು ಓದಿಸಿ ಕೇಳಿಸಿಕೊಂಡ ನಂತರವೇ ಸಲ್ಲಿಕೆಗೆ ಒಪ್ಪಿಗೆ ನೀಡತಕ್ಕದ್ದು.

ಉ) ಶುಲ್ಕ ಪಾವತಿಸಿ ಹಿಂದಿರುಗುವಾಗ ಲಾಗಿನ್ ಪುಟ ಬರುತ್ತದೆ: ಇದನ್ನು ಮುಂದಿನ ಕಂಡಿಕೆಯಲ್ಲಿ ವಿವರಿಸಲಾಗಿದೆ.

7. ಶುಲ್ಕ ಪಾವತಿ ಮತ್ತು ಸೆಷನ್

ಶುಲ್ಕ ಪಾವತಿಯ ಹಂತದಲ್ಲಿ ಅರ್ಜಿದಾರರು ಇಲಾಖೆಯ ಜಾಲತಾಣದಿಂದ ಹೊರಟು ಬ್ಯಾಂಕ್ ಅಥವಾ ಪಾವತಿ ಜಾಲತಾಣಕ್ಕೆ ಹೋಗಿ ಮರಳುತ್ತಾರೆ. ಈ ನಡುವೆ ಒಟಿಪಿ ಬರುವುದು ತಡವಾದರೆ ಸೆಷನ್ ಅವಧಿ ಮೀರಬಹುದು. ಅಥವಾ ಮರಳುವ ಕೋರಿಕೆಯು ಬೇರೆ ಸರ್ವರ್‌ಗೆ ತಲುಪಬಹುದು. ಆಗ ಹಣವು ಖಾತೆಯಿಂದ ಹೋಗಿದ್ದರೂ, ಅದು ಯಾವ ಅರ್ಜಿಗೆ ಸಂಬಂಧಿಸಿದ್ದು ಎಂಬುದು ಉತ್ತರಿಸುವ ಸರ್ವರ್‌ಗೆ ತಿಳಿಯುವುದಿಲ್ಲ.

ಇದೇ ಲಕ್ಷಣಕ್ಕೆ ಪ್ರತೀಕರಣವಲ್ಲದ ಇನ್ನೊಂದು ಕಾರಣವೂ ಇದೆ. 2020ರಲ್ಲಿ ಗೂಗಲ್ ಕ್ರೋಮ್ ಬ್ರೌಸರ್‌ನ 80ನೇ ಆವೃತ್ತಿಯಿಂದ ಕುಕಿಗಳ ನಿಯಮವನ್ನು ಬಿಗಿಗೊಳಿಸಲಾಯಿತು. ಇದರಿಂದ, ಜಾಲತಾಣವು ಸ್ಪಷ್ಟವಾಗಿ ಸೂಚಿಸದಿದ್ದಲ್ಲಿ, ಪಾವತಿ ಜಾಲತಾಣದಿಂದ ಮರಳುವಾಗ ಬ್ರೌಸರ್ ಸೆಷನ್ ಸಂಖ್ಯೆಯನ್ನು ಕಳುಹಿಸದಿರುವ ಸಂದರ್ಭಗಳಿವೆ. ಸರ್ವರ್‌ಗಳಲ್ಲಿ ಪ್ರತಿ ಸರಿಯಾಗಿದ್ದರೂ, ಅದನ್ನು ಹುಡುಕಲು ಬೇಕಾದ ಸಂಖ್ಯೆಯೇ ಬಂದಿರುವುದಿಲ್ಲ. ಹಾಗಾಗಿ ಪಾವತಿಯ ನಂತರ ಮಾತ್ರ ಲಾಗಿನ್ ಪುಟ ಬರುತ್ತಿದ್ದು, ಬೇರೆಲ್ಲೂ ತೊಂದರೆ ಇಲ್ಲದಿದ್ದರೆ, ಸಿಬ್ಬಂದಿಯು ಮೊದಲು ಕುಕಿಯ ಸಂರಚನೆಯನ್ನು ಪರಿಶೀಲಿಸುತ್ತಾರೆ.

ಅರ್ಜಿದಾರರು ತಿಳಿದಿರಬೇಕಾದ ಮುಖ್ಯ ಅಂಶವೇನೆಂದರೆ, ಹಣ ಕಡಿತವಾದ ದಾಖಲೆಯು ಬ್ಯಾಂಕಿನ ಪಕ್ಕಾ ವಹಿಯಲ್ಲಿ ಇರುತ್ತದೆ. ಅದು ಸೆಷನ್‌ನೊಡನೆ ಅಳಿಸಿಹೋಗುವುದಿಲ್ಲ. ಭಾರತೀಯ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಯುಪಿಐ ಮೂಲಕ ಅಥವಾ ಅಂತರಜಾಲದಲ್ಲಿ ಕಾರ್ಡ್ ಮೂಲಕ ಪಾವತಿಸಿದಾಗ ಖಾತೆಯಿಂದ ಹಣ ಕಡಿತವಾಗಿ, ಪಡೆಯಬೇಕಾದವರಿಗೆ ದೃಢೀಕರಣ ತಲುಪದಿದ್ದಲ್ಲಿ, ವಹಿವಾಟಿನ ದಿನದಿಂದ 5 ದಿನಗಳೊಳಗೆ ಹಣವು ತಾನಾಗಿಯೇ ಮರಳಬೇಕು. ತಡವಾದಲ್ಲಿ ದಿನವೊಂದಕ್ಕೆ 100 ರೂಪಾಯಿಯಂತೆ ಪರಿಹಾರ ನೀಡಬೇಕಾಗುತ್ತದೆ. ದೃಢೀಕರಣವು ತಡವಾಗಿಯಾದರೂ ತಲುಪಿದ್ದರೆ ಅದೇ ಅರ್ಜಿಯು ಮುಂದುವರಿಯುತ್ತದೆ. ಆದುದರಿಂದ ಅರ್ಜಿಯ ಸ್ಥಿತಿಯನ್ನು ನೋಡದೆ ಎರಡನೆಯ ಬಾರಿ ಪಾವತಿಸಬಾರದು.

8. ಸ್ವೀಕೃತಿ ಸಂಖ್ಯೆಯ ಮಹತ್ವ

ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ಅನ್ವಯ 2012ರ ಏಪ್ರಿಲ್ 2ರಿಂದ ರಾಜ್ಯಾದ್ಯಂತ ನಿಗದಿತ ಅವಧಿಯಲ್ಲಿ ಸೇವೆ ಪಡೆಯುವ ಹಕ್ಕನ್ನು ನಾಗರಿಕರಿಗೆ ನೀಡಲಾಗಿದೆ. ಅರ್ಜಿ ಸ್ವೀಕರಿಸಿದ ಕೂಡಲೇ 15 ಅಂಕಿಗಳ ಸಕಾಲ ಸಂಖ್ಯೆಯನ್ನು ನೀಡಲಾಗುತ್ತದೆ. ಅವಧಿ ಮೀರಿದಲ್ಲಿ ಮೇಲ್ಮನವಿ ಸಲ್ಲಿಸಲು ಹಾಗೂ ದಿನವೊಂದಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಗಳವರೆಗೆ ಪರಿಹಾರ ವೆಚ್ಚ ಪಡೆಯಲು ಅವಕಾಶವಿದೆ.

ಈ ಹಕ್ಕಿನ ದಿನಗಣನೆಯು ಅರ್ಜಿದಾರರು ಕಂಪ್ಯೂಟರ್ ಮುಂದೆ ಕುಳಿತ ದಿನದಿಂದ ಅಲ್ಲ, ಅರ್ಜಿಯು ಸ್ವೀಕೃತವಾದ ದಿನದಿಂದ ಆರಂಭವಾಗುತ್ತದೆ. ವಿದ್ಯಾರ್ಥಿ ವೇತನದ ಅರ್ಜಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯು ಬೇಕಾಗಿರುತ್ತದೆ. ಹುಣಸೂರು ಅಥವಾ ಹೆಗ್ಗಡದೇವನಕೋಟೆ ತಾಲ್ಲೂಕಿನ ಹಾಡಿಯಿಂದ ಒಂದು ದಿನದ ಕೂಲಿ ಬಿಟ್ಟು ಬಂದ ಪೋಷಕರು 'ಅರ್ಜಿ ಹಾಕಿದೆವು' ಎಂದು ಭಾವಿಸಿ ಊರಿಗೆ ಮರಳಿದ್ದು, ವಾಸ್ತವದಲ್ಲಿ ಸೆಷನ್ ಕಡಿತಗೊಂಡು ಅರ್ಜಿ ದಾಖಲಾಗದೆ ಉಳಿದಿದ್ದರೆ, ಅದು ತಿಳಿಯುವುದು ವಿದ್ಯಾರ್ಥಿ ವೇತನದ ಕೊನೆಯ ದಿನಾಂಕ ಸಮೀಪಿಸಿದಾಗ. ಹೊಗೆಸೊಪ್ಪಿನ ಹರಾಜಿನ ದಿನಗಳಲ್ಲಿ ಪಿರಿಯಾಪಟ್ಟಣದ ಬೆಳೆಗಾರರಿಗೆ, ನಾಟಿಯ ದಿನಗಳಲ್ಲಿ ಕೃಷ್ಣರಾಜನಗರದ ಭತ್ತದ ಬೆಳೆಗಾರರಿಗೆ ಎರಡನೆಯ ಬಾರಿ ಬರುವುದು ಸುಲಭವಲ್ಲ. ಆದುದರಿಂದ ಸಂಖ್ಯೆ ದೊರೆಯದೆ ಕೇಂದ್ರದಿಂದ ಹೊರಡಬಾರದು ಎಂಬುದನ್ನು ನಿಯಮವಾಗಿ ಪಾಲಿಸತಕ್ಕದ್ದು.

9. ಅರ್ಜಿದಾರರು ಅನುಸರಿಸಬೇಕಾದ ಕ್ರಮ

ಅರ್ಜಿ ತುಂಬುವ ಮೊದಲು:
• ಎಲ್ಲಾ ದಾಖಲೆಗಳನ್ನು ಹಾಗೂ ಒಟಿಪಿ ಬರುವ ಮೊಬೈಲ್ ಫೋನನ್ನು ಕೈಯಲ್ಲಿಟ್ಟುಕೊಳ್ಳುವುದು.
• ತಾಲ್ಲೂಕಿನ ಹೆಸರನ್ನು ಖಚಿತಪಡಿಸಿಕೊಳ್ಳುವುದು. ಸರಗೂರು ಮತ್ತು ಸಾಲಿಗ್ರಾಮ ಈಗ ಪ್ರತ್ಯೇಕ ತಾಲ್ಲೂಕುಗಳಾಗಿರುವುದರಿಂದ ಹಳೆಯ ದಾಖಲೆಯಲ್ಲಿರುವ ತಾಲ್ಲೂಕಿನ ಹೆಸರು ಬೇರೆಯಾಗಿರಬಹುದು.

ತುಂಬುವಾಗ:
• ಕರಡು ಉಳಿಸುವ ಗುಂಡಿ ಇದ್ದಲ್ಲಿ ಪ್ರತಿ ಪುಟದ ಕೊನೆಯಲ್ಲಿ ಅದನ್ನು ಒತ್ತುವುದು. ಇದರಿಂದ ಕಚ್ಚಾ ಚೀಟಿಯು ವಹಿಗೆ ಏರುತ್ತದೆ.
• ಒಂದೇ ಬ್ರೌಸರ್‌ನ ಎರಡು ಕಿಟಕಿಗಳಲ್ಲಿ ಎರಡು ಅರ್ಜಿಗಳನ್ನು ತುಂಬದಿರುವುದು. ಎರಡಕ್ಕೂ ಸೆಷನ್ ಒಂದೇ ಆಗಿರುವುದರಿಂದ ವಿವರಗಳು ಬೆರೆಯುವ ಸಂಭವವಿದೆ.
• ಸಲ್ಲಿಸುವ ಗುಂಡಿಯನ್ನು ಒಮ್ಮೆ ಮಾತ್ರ ಒತ್ತುವುದು. ಹಿಂದಕ್ಕೆ ಹೋಗುವ ಹಾಗೂ ಪುಟವನ್ನು ಮರುತೆರೆಯುವ ಗುಂಡಿಗಳನ್ನು ಬಳಸದಿರುವುದು.
• ಪೂರ್ವವೀಕ್ಷಣೆಯನ್ನು ಪೂರ್ಣವಾಗಿ ಓದುವುದು.

ತುಂಬಿದ ನಂತರ:
• ಸ್ವೀಕೃತಿ ಸಂಖ್ಯೆಯನ್ನು ಬರೆದುಕೊಂಡು, ಮುದ್ರಿತ ಪ್ರತಿ ಪಡೆಯುವುದು.
• ಕಡ್ಡಾಯವಾಗಿ ಲಾಗ್‌ಔಟ್ ಆಗುವುದು. ಸಾರ್ವಜನಿಕ ಕೇಂದ್ರಗಳಲ್ಲಿ ಪುಟವನ್ನು ಹಾಗೆಯೇ ಬಿಟ್ಟು ಹೋದಲ್ಲಿ, ಅವಧಿ ಮುಗಿಯುವವರೆಗೆ ಸೆಷನ್ ಜೀವಂತವಾಗಿದ್ದು, ಮುಂದಿನವರು ಅದನ್ನು ಬಳಸಲು ಅವಕಾಶವಾಗುತ್ತದೆ.

ತೊಂದರೆಯಾದಲ್ಲಿ ದೂರಿನಲ್ಲಿ ನಮೂದಿಸಬೇಕಾದ ವಿವರಗಳು:
• ದಿನಾಂಕ ಮತ್ತು ನಿಮಿಷದವರೆಗಿನ ನಿಖರ ಸಮಯ. ಸರ್ವರ್‌ಗಳ ಲಾಗ್ ಕಡತಗಳಲ್ಲಿ ಹುಡುಕಲು ಇದೇ ಆಧಾರ.
• ಸೇವೆಯ ಹೆಸರು ಮತ್ತು ತೊಂದರೆಯಾದ ಪುಟ.
• ಪರದೆಯ ಮೇಲಿನ ಸಂದೇಶದ ಯಥಾವತ್ ಪದಗಳು ಅಥವಾ ಛಾಯಾಚಿತ್ರ.
• ಪಾವತಿಯಾಗಿದ್ದಲ್ಲಿ ಬ್ಯಾಂಕಿನ ವಹಿವಾಟು ಸಂಖ್ಯೆ.
• ಯಾವುದೇ ಸಂದರ್ಭದಲ್ಲಿ ಗುಪ್ತಪದ ಅಥವಾ ಒಟಿಪಿಯನ್ನು ದೂರಿನಲ್ಲಿ ಬರೆಯಬಾರದು.

'ಸರ್ವರ್ ಡೌನ್ ಆಗಿತ್ತು' ಎಂಬ ದೂರಿನಿಂದ ತಾಂತ್ರಿಕ ಸಿಬ್ಬಂದಿಗೆ ಯಾವ ಸುಳಿವೂ ದೊರೆಯುವುದಿಲ್ಲ. 'ಬೆಳಿಗ್ಗೆ 11 ಗಂಟೆ 20 ನಿಮಿಷಕ್ಕೆ ಮೂರನೆಯ ಪುಟದಿಂದ ಲಾಗಿನ್ ಪುಟಕ್ಕೆ ಹೋಯಿತು' ಎಂಬ ದೂರಿನಿಂದ ಆ ನಿಮಿಷದಲ್ಲಿ ಸಮೂಹದಿಂದ ಯಾವ ಸರ್ವರ್ ಕೈಬಿಟ್ಟುಹೋಗಿತ್ತು ಎಂಬುದನ್ನು ಪತ್ತೆ ಹಚ್ಚಬಹುದು. ಒಬ್ಬರ ನಿಖರವಾದ ದೂರಿನಿಂದ ದೋಷವು ಸರಿಯಾದಲ್ಲಿ ಅದರ ಪ್ರಯೋಜನವು ಎಲ್ಲಾ ಅರ್ಜಿದಾರರಿಗೂ ದೊರೆಯುತ್ತದೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸೆಷನ್ ಕಡಿತಗೊಂಡರೆ ಈಗಾಗಲೇ ಸಲ್ಲಿಸಿದ ಹಳೆಯ ಅರ್ಜಿಗಳೂ ಅಳಿಸಿಹೋಗುತ್ತವೆಯೇ?
ಉತ್ತರ: ಇಲ್ಲ. ಸ್ವೀಕೃತಿ ಸಂಖ್ಯೆ ದೊರೆತ ಅರ್ಜಿಗಳು ದತ್ತಸಂಚಯದಲ್ಲಿ ಇರುತ್ತವೆ. ಸೆಷನ್‌ಗೂ ಅವುಗಳಿಗೂ ಸಂಬಂಧವಿಲ್ಲ.

ಪ್ರಶ್ನೆ: ಸಲ್ಲಿಸುವ ಗುಂಡಿ ಒತ್ತಿದ ಮೇಲೆ ಪುಟ ನಿಂತುಹೋಯಿತು. ಅರ್ಜಿ ಸಲ್ಲಿಕೆಯಾಗಿದೆಯೇ?
ಉತ್ತರ: ಎರಡೂ ಸಾಧ್ಯ. ಮತ್ತೆ ಲಾಗಿನ್ ಆಗಿ ಅರ್ಜಿಗಳ ಪಟ್ಟಿಯನ್ನು ಹಾಗೂ ಮೊಬೈಲ್ ಸಂದೇಶವನ್ನು ನೋಡುವುದು. ಸಂಖ್ಯೆ ಇದ್ದಲ್ಲಿ ಸಲ್ಲಿಕೆಯಾಗಿದೆ; ಮತ್ತೊಮ್ಮೆ ಸಲ್ಲಿಸಬಾರದು. ಕೆಲವು ನಿಮಿಷಗಳ ನಂತರವೂ ಸಂಖ್ಯೆ ಇಲ್ಲದಿದ್ದಲ್ಲಿ ಹೊಸದಾಗಿ ಸಲ್ಲಿಸಬಹುದು.

ಪ್ರಶ್ನೆ: ಬೇರೆ ಕೇಂದ್ರಕ್ಕೆ ಹೋದರೆ ಅರ್ಧ ತುಂಬಿದ ಅರ್ಜಿಯನ್ನು ಮುಂದುವರಿಸಬಹುದೇ?
ಉತ್ತರ: ಕರಡು ಉಳಿಸಿದ್ದಲ್ಲಿ, ಅದೇ ಲಾಗಿನ್‌ನಿಂದ ಮುಂದುವರಿಸಬಹುದು. ಕೇವಲ ಸೆಷನ್‌ನಲ್ಲಿದ್ದ ವಿವರಗಳು ಬೇರೆ ಗಣಕಯಂತ್ರದಲ್ಲಿ ದೊರೆಯುವುದಿಲ್ಲ.

ಪ್ರಶ್ನೆ: ಸಲ್ಲಿಕೆಯಾದ ಅರ್ಜಿಯಲ್ಲಿ ವಿವರ ಬಿಟ್ಟುಹೋಗಿರುವುದು ನಂತರ ತಿಳಿದರೆ ಏನು ಮಾಡಬೇಕು?
ಉತ್ತರ: ಸ್ವೀಕೃತಿ ಸಂಖ್ಯೆಯೊಡನೆ ಸಂಬಂಧಪಟ್ಟ ನಾಡಕಚೇರಿ ಅಥವಾ ತಾಲ್ಲೂಕು ಕಚೇರಿಗೆ ಕೂಡಲೇ ಲಿಖಿತವಾಗಿ ತಿಳಿಸುವುದು. ಅರ್ಜಿಯು ಪರಿಶೀಲನೆಯ ಹಂತದಲ್ಲಿರುವಾಗಲೇ ತಿಳಿಸುವುದು, ಪ್ರಮಾಣಪತ್ರ ವಿತರಣೆಯಾದ ನಂತರ ತಿಳಿಸುವುದಕ್ಕಿಂತ ಸುಲಭವಾಗಿರುತ್ತದೆ.

11. ಸಾರಾಂಶ

ಜಾಲತಾಣದ ಹಿಂದೆ ಹಲವು ಸರ್ವರ್‌ಗಳಿದ್ದು, ಅವುಗಳ ನಡುವೆ ಪ್ರತಿಯು ಸರಿಯಾಗಿ ಸಾಗುವಂತೆ ನೋಡಿಕೊಳ್ಳುವುದು ತಾಂತ್ರಿಕ ಸಿಬ್ಬಂದಿಯ ಹೊಣೆ. ಪೂರ್ವವೀಕ್ಷಣೆಯನ್ನು ಓದುವುದು, ಸಂಖ್ಯೆಯನ್ನು ಪಡೆಯುವುದು ಹಾಗೂ ತೊಂದರೆಯ ಸಮಯವನ್ನು ಬರೆದಿಡುವುದು ಅರ್ಜಿದಾರರ ಕೈಯಲ್ಲಿರುವ ರಕ್ಷಣೆ. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಂಡು, ಅಕ್ಷರ ಬಾರದ ಹಾಗೂ ವಯೋವೃದ್ಧ ಅರ್ಜಿದಾರರಿಗೂ ತಿಳಿಸಿಕೊಡಬೇಕಾಗಿ ಕೋರಲಾಗಿದೆ.